ಕೊಟ್ಟ ಮೇಲೂ ಹೋಗಿ ನೋಡಬೇಕು

ಆಷಾಢದಲ್ಲಿ ಮದುವೆಗಳಿಲ್ಲದೆ ಖಾಲಿ ಬಿದ್ದ ಕಲ್ಯಾಣ ಮಂಟಪಗಳಿಗೆ ಕಳೆ ಬರುವುದು ಸೇವಾ ಸಂಸ್ಥೆಗಳ ಪದಗ್ರಹಣ ಸಮಾರಂಭಗಳಿಂದ. ರೋಟರಿ, ಲಯನ್ಸ್ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಹಳೆಯ ಅಧ್ಯಕ್ಷರು ಕೊರಳಲ್ಲಿದ್ದ ಪದಕದ ಹಾರ ತೆಗೆದು ಹೊಸಬರಿಗೆ ತೊಡಿಸುತ್ತಾರೆ. ಆಮೇಲೆ ವೇದಿಕೆಗೆ ಒಬ್ಬೊಬ್ಬರನ್ನಾಗಿ ಕರೆದು ಒಬ್ಬರಿಗೆ ಹೊಲಿಗೆ ಯಂತ್ರ, ಇನ್ನೊಬ್ಬರಿಗೆ ಗಾಲಿಕುರ್ಚಿ, ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು ಕೊಡುತ್ತಾರೆ. ಕೊಳ್ಳೇಗಾಲದಂಥ ಊರಿನಲ್ಲಿ ಇಂಥ ಸಂಸ್ಥೆಗಳನ್ನು ನಡೆಸುವವರು ಅಂಗಡಿಯವರು, ವೈದ್ಯರು, ವಕೀಲರು, ನಿವೃತ್ತ ಮೇಷ್ಟ್ರುಗಳು. ತಮ್ಮ ಜೇಬಿನಿಂದ ಹಣ ಹಾಕಿ, ತಮ್ಮ ಭಾನುವಾರಗಳನ್ನು ಕೊಟ್ಟು ಇಷ್ಟು ಮಾಡುವವರ ಬಗ್ಗೆ ಗೌರವವಿರಬೇಕು. ಆ ಗೌರವದಿಂದಲೇ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ದಾನದ ಬೆಲೆ ಗೊತ್ತಾಗುವುದು ಕೊಟ್ಟ ದಿನವಲ್ಲ, ಕೊಟ್ಟು ಆರು ತಿಂಗಳಾದ ಮೇಲೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಟ್ಟಿಗಂತೂ, ಹತ್ತು ಕಡೆ ಒಂದೊಂದು ದಿನ ಕೊಡುವ ಸಂಸ್ಥೆಗಿಂತ ಒಂದೇ ಕಡೆಗೆ ಹತ್ತು ಸಲ ಹೋಗುವ ಸಂಸ್ಥೆಯೇ ಹೆಚ್ಚು ಉಪಕಾರ ಮಾಡಬಲ್ಲದು.

ಈ ಮಾತಿಗೆ ಮೊದಲ ಕಾರಣ ಇಲ್ಲಿನ ನೆಲವೇ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಕೊನೆಯ ಅಂಚಾಗಿತ್ತು. ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿ ಮೈಸೂರು ಜಿಲ್ಲೆಯ ಅಂಚಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದ ಮೇಲೆಯೇ ಆಡಳಿತ ಸ್ವಲ್ಪ ಹತ್ತಿರ ಬಂದದ್ದು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ರೇಷ್ಮೆ ವ್ಯಾಪಾರ, ಬ್ಯಾಂಕು, ಕಾಲೇಜು, ಉಪವಿಭಾಗ ಆಸ್ಪತ್ರೆ ಎಲ್ಲವೂ ಕೊಳ್ಳೇಗಾಲ ಪಟ್ಟಣದಲ್ಲಿವೆ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಆ ಬೆಟ್ಟದ ಸುತ್ತಿನ ಕಾಡಿನೊಳಗಿನ ಊರುಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮೂಲಸೌಕರ್ಯ ಇಲ್ಲವೆಂಬ ಸಿಟ್ಟು ಕಟ್ಟೆಯೊಡೆದು, 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಇಂಡಿಗನತ್ತ ಗ್ರಾಮದ ಮತಗಟ್ಟೆಯೇ ಧ್ವಂಸವಾಗಿ ಮರುಮತದಾನ ನಡೆಸಬೇಕಾಯಿತು. ಇತ್ತ ಯಳಂದೂರು ಚಿಕ್ಕ ತಾಲ್ಲೂಕಾದರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಹಾಡಿಗಳಾದ ಪೋಡುಗಳು ಅದರ ಮಡಿಲಲ್ಲಿವೆ. ಅಂದರೆ ಕೊಡುವವರು ಇರುವುದು ಪೇಟೆಯಲ್ಲಿ, ಕೊರತೆ ಇರುವುದು ಬೆಟ್ಟದಲ್ಲಿ. ಪೇಟೆಯ ಶಾಲೆಯಲ್ಲಿ ಒಂದು ದಿನ ಶಿಬಿರ ಮಾಡಿದರೆ ಅಲ್ಲಿಗೆ ಬರುವವರು ಬಸ್ಸಿಗೆ ಕಾಸಿರುವವರು, ಕಾಲಲ್ಲಿ ಕಸುವಿರುವವರು. ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿರುವವರು ಆ ದಿನದ ಪಟ್ಟಿಗೆ ಸೇರುವುದೇ ಇಲ್ಲ.

ಮತ್ತೆ ಮತ್ತೆ ಹೋಗುವುದರಿಂದ ಏನಾಗುತ್ತದೆ ಎಂಬುದಕ್ಕೆ ಈ ಸಂಸ್ಥೆಗಳ ಚರಿತ್ರೆಯೇ ಸಾಕ್ಷಿ. 1905ರಲ್ಲಿ ಷಿಕಾಗೊ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಆರಂಭಿಸಿದ ರೋಟರಿ ನೂರಾರು ಬಗೆಯ ಸೇವೆ ಮಾಡಿದೆ. ಆದರೆ ಜಗತ್ತು ಅದನ್ನು ನೆನೆಯುವುದು ಪೋಲಿಯೊ ಕೆಲಸಕ್ಕಾಗಿ. 1985ರಲ್ಲಿ ಕೈಗೆತ್ತಿಕೊಂಡ ಆ ಕೆಲಸವನ್ನು ಅದು ಇನ್ನೂ ಬಿಟ್ಟಿಲ್ಲ. ಭಾರತದಲ್ಲಿ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆಗೆ ರೋಟರಿಯೂ ಹೆಗಲು ಕೊಟ್ಟಿತು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದಲ್ಲಿ ಕಂಡದ್ದೇ ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಈ ಗೆಲುವಿನ ಗುಟ್ಟು ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದಕ್ಷರದಲ್ಲಿತ್ತು. ಮನೆಯ ಮಕ್ಕಳೆಲ್ಲರಿಗೂ ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚಿದ್ದರೆ ಗೋಡೆಯ ಮೇಲೆ ‘ಪಿ’. ಒಂದು ಮಗು ಅಜ್ಜಿಯ ಮನೆಗೆ ಹೋಗಿದ್ದರೂ, ಮಲಗಿದೆ ಎಂದು ತಾಯಿ ಬೇಡವೆಂದರೂ ‘ಎಕ್ಸ್’. ತಂಡದವರು ಮಾರನೆಯ ದಿನ ‘ಎಕ್ಸ್’ ಮನೆಗಳಿಗೆ ಮತ್ತೆ ಹೋಗುತ್ತಿದ್ದರು. ಎಷ್ಟು ಮಕ್ಕಳಿಗೆ ಹನಿ ಹಾಕಿದೆವು ಎಂಬ ಲೆಕ್ಕಕ್ಕಿಂತ ಯಾವ ಮಗು ತಪ್ಪಿಹೋಯಿತು ಎಂಬ ಲೆಕ್ಕವನ್ನೇ ಹಿಡಿದು ಹೊರಟದ್ದರಿಂದ ರೋಗ ಹೋಯಿತು. ಲಯನ್ಸ್ ಕಥೆಯೂ ಬೇರೆಯಲ್ಲ. 1917ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 1925ರಲ್ಲಿ ಹೆಲೆನ್ ಕೆಲರ್ ಅಂಧರ ಬೆನ್ನಿಗೆ ನಿಲ್ಲುವಂತೆ ಕೇಳಿಕೊಂಡರು. ಕಣ್ಣಿನ ಸೇವೆಯೇ ಅದರ ಗುರುತಾದದ್ದು ಆ ಕೋರಿಕೆಯನ್ನು ತಲೆಮಾರುಗಳವರೆಗೆ ಬಿಡದೆ ನಡೆಸಿದ್ದರಿಂದ.

ಅಮೆರಿಕದವರೆಗೆ ಹೋಗಬೇಕಾಗಿಲ್ಲ, ಯಳಂದೂರಿನಲ್ಲೇ ಸಾಕ್ಷಿಯಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅವರು ಬಂದು ನೋಡಿ ಹೋಗುವ ವೈದ್ಯರಾಗದೆ ಸೋಲಿಗರ ನಡುವೆಯೇ ನೆಲೆಸಿದರು. ಔಷಧಿಯ ಬೆನ್ನಿಗೆ ಶಾಲೆ, ಶಾಲೆಯ ಬೆನ್ನಿಗೆ ಕಸುಬಿನ ತರಬೇತಿ ಬಂತು. 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. 1986ರಲ್ಲಿ ಅವರೇ ಆರಂಭಿಸಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಕುಷ್ಠರೋಗದ ವಿರುದ್ಧ ನಿಂತಿತು. ಕುಷ್ಠಕ್ಕೆ ಕೊಡುವ ಬಹುವಿಧ ಔಷಧ ಚಿಕಿತ್ಸೆ ರೋಗದ ಬಗೆಗೆ ತಕ್ಕಂತೆ ಆರು ತಿಂಗಳಿಂದ ಒಂದು ವರ್ಷದವರೆಗೆ ನಡೆಯಬೇಕು. ನಡುವೆ ಮಾತ್ರೆ ಬಿಟ್ಟರೆ ಗುಣವಾಗುವ ಭರವಸೆಯಿಲ್ಲ. ಇಂಥ ರೋಗಕ್ಕೆ ಒಂದು ದಿನದ ಶಿಬಿರ ಏನು ಮಾಡೀತು? ತಿಂಗಳು ತಿಂಗಳು ಮನೆಬಾಗಿಲಿಗೆ ಹೋಗಿ, ಮಾತ್ರೆ ನುಂಗಿದರೇ, ಕಾಲಿನ ಹುಣ್ಣು ಮಾಯಿತೇ ಎಂದು ವಿಚಾರಿಸುವವರು ಬೇಕು. ಆ ನಡಿಗೆಯಿಂದ ಬೆಳೆದ ನಂಬಿಕೆಯ ಮೇಲೆಯೇ 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಟ್ರಸ್ಟಿಗೆ ಒಪ್ಪಿಸಿತು. ಮುಂದೆ ಆ ಮಾದರಿ ಬೇರೆ ರಾಜ್ಯಗಳಿಗೂ ಹೋಯಿತು.

ಸೇವಾ ಸಂಸ್ಥೆಗಳಿಗೆ ಅತ್ಯಂತ ಪ್ರಿಯವಾದ ರಕ್ತದಾನ ಶಿಬಿರವನ್ನು ಇದೇ ಕಣ್ಣಿನಿಂದ ನೋಡಬಹುದು. ಸ್ವಾತಂತ್ರ್ಯ ದಿನದಂದೋ ಗಾಂಧಿ ಜಯಂತಿಯಂದೋ ದೊಡ್ಡ ಶಿಬಿರ ಮಾಡಿ ನೂರು ಯೂನಿಟ್ ಸಂಗ್ರಹಿಸಿದರೆ ಸುದ್ದಿಯಾಗುತ್ತದೆ. ಆದರೆ ರಕ್ತಕ್ಕೆ ಆಯುಸ್ಸು ಕಡಿಮೆ. ಶೀತಕದಲ್ಲಿಟ್ಟರೂ ಕೆಂಪು ರಕ್ತಕಣಗಳು ಬಳಕೆಗೆ ಬರುವುದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳು ಬರೀ ಐದು ದಿನ. ಹೆರಿಗೆಯಲ್ಲಿ ರಕ್ತ ಹೋದ ಹೆಂಗಸು, ರಸ್ತೆಯಲ್ಲಿ ಬಿದ್ದ ಹುಡುಗ ಆಗಸ್ಟ್ 15 ನೋಡಿಕೊಂಡು ಆಸ್ಪತ್ರೆಗೆ ಬರುವುದಿಲ್ಲ. ಸೋಲಿಗರಂಥ ಬುಡಕಟ್ಟುಗಳಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆಯ ಕೆಲವು ರೋಗಿಗಳಿಗಂತೂ ವರ್ಷವಿಡೀ ರಕ್ತ ಬೇಕಾಗುತ್ತದೆ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಹಾಗಿರುವಾಗ ಅದೇ ನೂರು ದಾನಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ತಿಂಗಳಿಗೊಂದು ಸಣ್ಣ ಶಿಬಿರ ನಡೆಸಿದರೆ ಹೆಚ್ಚು ದಾನಿಗಳನ್ನು ಹುಡುಕದೆ ರಕ್ತನಿಧಿಗೆ ವರ್ಷವಿಡೀ ರಕ್ತ ಬರುತ್ತಿರುತ್ತದೆ. ಇಲ್ಲಿ ಸಂಸ್ಥೆ ಕೊಡುವ ನಿಜವಾದ ದಾನ ಒಂದು ಕ್ಯಾಲೆಂಡರು.

ಕಣ್ಣಿನ ವಿಷಯವೂ ಹೀಗೆಯೇ. ತಪಾಸಣೆ ಮಾಡಿಸಿ, ಪೊರೆ ಬಂದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಶಸ್ತ್ರಚಿಕಿತ್ಸೆ ಮಾಡಿಸಿ ಮನೆಗೆ ಬಿಡುವುದು ದೊಡ್ಡ ಉಪಕಾರ. ಆದರೆ ಆಮೇಲೆ ವಾರಗಟ್ಟಲೆ ಹೊತ್ತು ಹೊತ್ತಿಗೆ ಹನಿ ಹಾಕಬೇಕು, ಮರುತಪಾಸಣೆ ಆಗಬೇಕು, ಬೇಕಾದರೆ ಕನ್ನಡಕ ಕೊಡಿಸಬೇಕು, ಇನ್ನೊಂದು ಕಣ್ಣನ್ನೂ ನೋಡಬೇಕು. ಹನೂರಿನ ಕಾಡಂಚಿನಲ್ಲಿ ಒಬ್ಬಳೇ ಇರುವ ಅಜ್ಜಿಗೆ ಆ ಹನಿ ಹಾಕುವವರು ಯಾರು? ಪೊರೆಗಿಂತ ಸಣ್ಣದಾಗಿ ಕಾಣುವ ಇನ್ನೊಂದು ತೊಂದರೆ ನಲವತ್ತು ದಾಟಿದವರಿಗೆಲ್ಲ ಬರುವ ಚಾಳೀಸು. ಅಸ್ಸಾಮಿನಲ್ಲಿ ಚಹಾ ಎಲೆ ಕೀಳುವ, ನಲವತ್ತು ದಾಟಿದ ಕೆಲಸಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ಅಧ್ಯಯನ ಮಾಡಿದಾಗ, ಕನ್ನಡಕ ಸಿಗದವರಿಗಿಂತ ಅವರ ಕೆಲಸ ಶೇ. 22ರಷ್ಟು ಹೆಚ್ಚಿತೆಂದು 2018ರಲ್ಲಿ ಪ್ರಕಟವಾಯಿತು. ಚಹಾ ಎಲೆಗೇ ಇಷ್ಟಾದರೆ, ಕೂದಲೆಳೆಯಂಥ ರೇಷ್ಮೆ ನೂಲು ಕಡಿದಾಗ ಎರಡು ತುದಿ ಹುಡುಕಿ ಗಂಟು ಹಾಕಬೇಕಾದ ಕೊಳ್ಳೇಗಾಲದ ನೇಕಾರರಿಗೆ ಎಷ್ಟಾದೀತು? ಆ ಕನ್ನಡಕ ದುಬಾರಿಯೇನಲ್ಲ. ಆದರೆ ಕೆಲವು ವರ್ಷಗಳಲ್ಲಿ ನಂಬರು ಬದಲಾಗುತ್ತದೆ, ಗಾಜು ಗೀಚಿಹೋಗುತ್ತದೆ, ಕಡ್ಡಿ ಮುರಿಯುತ್ತದೆ. ಆದ್ದರಿಂದ ಇದೂ ಒಮ್ಮೆ ಕೊಟ್ಟು ಕೈ ತೊಳೆದುಕೊಳ್ಳುವ ದಾನವಲ್ಲ.

ಸಂಸ್ಥೆಗಳು ನಾಳೆಯೇ ಹಿಡಿಯಬಹುದಾದ ಕೆಲಸವೊಂದು ಕ್ಷಯರೋಗಿಗಳ ಊಟ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಕ್ಷಯ್ ಮಿತ್ರ ಯೋಜನೆಯಡಿ ಯಾವುದೇ ವ್ಯಕ್ತಿ ಅಥವಾ ಸಂಸ್ಥೆ ಕ್ಷಯರೋಗಿಯನ್ನು ದತ್ತು ಪಡೆದು ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಕೊಡಬಹುದು. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೂ ತಿಂಗಳು ತಿಂಗಳು ಪೌಷ್ಟಿಕ ಆಹಾರ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಿಮೆಯಾಗಿತ್ತು. ಬೇಳೆ, ಅಕ್ಕಿ, ಎಣ್ಣೆಗೆ ಇಷ್ಟು ಶಕ್ತಿ ಬಂದದ್ದು ಅವು ತಪ್ಪದೆ ಬಂದದ್ದರಿಂದ. ಒಂದು ತಿಂಗಳ ಕಿಟ್ ಕೊಟ್ಟು ಫೋಟೊ ತೆಗೆಸಿಕೊಂಡು ಉಳಿದ ಐದು ತಿಂಗಳು ಮರೆತರೆ ರೋಗಿಗೂ ಲಾಭವಿಲ್ಲ, ಕೊಟ್ಟವರಿಗೂ ಸಮಾಧಾನವಿಲ್ಲ.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಸದಸ್ಯರಿಗೆ ಅಂಗಡಿ, ಮನೆ, ಮಕ್ಕಳಿದ್ದಾರೆ, ಅವರೇನು ಪೂರ್ಣಾವಧಿ ಸೇವಕರೇ ಎಂಬುದು ಮೊದಲನೆಯದು. ನ್ಯಾಯವಾದ ಮಾತು. ಆದರೆ ಮತ್ತೆ ಹೋಗಲು ಬೇಕಾದ ಸಮಯ ನಾವು ಅಂದುಕೊಂಡಷ್ಟು ಹೆಚ್ಚಲ್ಲ. ಮೂವತ್ತು ಸದಸ್ಯರಿರುವ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ ಒಂದು ಮನೆಗೆ ಹೋದರೆ ವರ್ಷಕ್ಕೆ 360 ಭೇಟಿಗಳಾಗುತ್ತವೆ. ಹೋಗಲಾಗದ ಕಡೆ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ವಿಚಾರಿಸಿದರೂ ಅದು ಭೇಟಿಯೇ. ಇದೆಲ್ಲ ಸರ್ಕಾರದ ಕೆಲಸವಲ್ಲವೇ ಎಂಬುದು ಎರಡನೆಯದು. ನಿಜ, ರಸ್ತೆ, ವೈದ್ಯರು, ಆಂಬ್ಯುಲೆನ್ಸ್ ಸರ್ಕಾರದ ಹೊಣೆ. ಸೇವಾ ಸಂಸ್ಥೆ ಅದನ್ನು ಹೊರಲಾರದು, ಹೊರಲೂಬಾರದು. ಆದರೆ ಯೋಜನೆಗೂ ಫಲಾನುಭವಿಗೂ ನಡುವೆ ಒಂದು ಅರ್ಜಿ, ಒಂದು ಸಹಿ, ಆಧಾರ್‌ನಲ್ಲಿ ತಪ್ಪಾದ ಒಂದು ಹೆಸರು ಅಡ್ಡ ನಿಂತಿರುತ್ತದೆ. ಸೋಲಿಗರ ಮುದುಕನ ಪಿಂಚಣಿ ಅರ್ಜಿ ಎಲ್ಲಿ ನಿಂತಿದೆ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಲು ಪೇಟೆಯ ವಕೀಲರಿಗೆ ಹತ್ತು ನಿಮಿಷ ಸಾಕು. ಆ ಮುದುಕನಿಗೆ ಒಂದು ದಿನದ ಕೂಲಿ, ಬಸ್ಸಿನ ಕಾಸು, ಜೊತೆಗೆ ಒಳಗೆ ಹೋಗಲು ಧೈರ್ಯ ಎಲ್ಲವೂ ಬೇಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಒಂದು ದಿನದ ಶಿಬಿರದಿಂದಲೂ ಒಬ್ಬರಿಗೆ ಕಣ್ಣು ಬಂತಲ್ಲ, ಅದನ್ನು ಕಡಿಮೆ ಎನ್ನಬಹುದೇ? ಖಂಡಿತ ಅನ್ನಬಾರದು. ಬೆನ್ನುಹತ್ತಿ ವಿಚಾರಿಸಲಾಗದು ಎಂದು ಶಿಬಿರವನ್ನೇ ನಿಲ್ಲಿಸಿದರೆ ಇರುವುದೂ ಹೋಗುತ್ತದೆ. ಕೇಳುತ್ತಿರುವುದು ಇಷ್ಟೆ: ಹತ್ತು ಶಿಬಿರಗಳ ಬದಲು ಆರು ಮಾಡಿ, ಉಳಿದ ನಾಲ್ಕರ ಹಣ, ಸಮಯವನ್ನು ಆ ಆರಕ್ಕೆ ಬಂದವರ ಹಿಂದೆ ಹಾಕಿ. ಫ್ಲೆಕ್ಸ್, ಫೋಟೊ, ಪತ್ರಿಕಾ ಸುದ್ದಿ ಇಲ್ಲದಿದ್ದರೆ ದಾನಿಗಳು ಮುಂದೆ ಬರುವುದಿಲ್ಲ ಎಂದು ಹೇಳುವವರೂ ಇದ್ದಾರೆ. ಸುದ್ದಿ ಬೇಕು, ಒಪ್ಪೋಣ. ಆದರೆ ನೋಟ್‌ಬುಕ್ಕು ಹಿಡಿದು ತಲೆ ತಗ್ಗಿಸಿ ನಿಂತ ಮಗುವಿನ ಚಿತ್ರಕ್ಕಿಂತ, ಕಳೆದ ವರ್ಷ ಕೊಟ್ಟ ಶಾಲೆಯ ನೀರಿನ ಶುದ್ಧೀಕರಣ ಯಂತ್ರಕ್ಕೆ ಫಿಲ್ಟರ್ ಬದಲಿಸಿದ್ದೇವೆ, ಅದು ಇಂದಿಗೂ ನಡೆಯುತ್ತಿದೆ ಎಂಬ ಸುದ್ದಿ ದಾನಿಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಪಡೆದವರ ಮಾನವೂ ಉಳಿಯುತ್ತದೆ.

ತೊಡಕು ಇರುವುದು ಜನರ ಮನಸ್ಸಿನಲ್ಲಿ ಅಲ್ಲ, ವರ್ಷದ ಲೆಕ್ಕದಲ್ಲಿ. ಹನ್ನೆರಡು ತಿಂಗಳ ಅಧ್ಯಕ್ಷರಿಗೆ ತಮ್ಮ ವರ್ಷದಲ್ಲಿ ಏನಾದರೂ ಹೊಸದು ಮಾಡಿ ತೋರಿಸುವ ಆಸೆ ಇರುತ್ತದೆ. ಹಿಂದಿನವರು ಶುರು ಮಾಡಿದ್ದನ್ನು ಮುಂದುವರಿಸಿದರೆ ಹೆಸರು ಅವರಿಗೇ ಹೋಗುತ್ತದೆಂಬ ಅಳುಕೂ ಇರುತ್ತದೆ. ಇದನ್ನು ಮೀರುವ ದಾರಿ ಈ ಸಂಸ್ಥೆಗಳಿಗೇ ತಿಳಿದಿದೆ. ರೋಟರಿ ಪ್ರತಿಷ್ಠಾನ ತನ್ನ ದೊಡ್ಡ ಅನುದಾನ ಕೊಡುವಾಗ ಊರಿನವರ ಅಗತ್ಯವೇನೆಂದು ಮೊದಲು ವಿಚಾರಿಸಿರಬೇಕು, ಹಣ ಮುಗಿದ ಮೇಲೂ ಕೆಲಸ ನಡೆಯುವಂತಿರಬೇಕು ಎಂದು ಕೇಳುತ್ತದೆ. ದೊಡ್ಡ ಮೊತ್ತಕ್ಕೆ ಇರುವ ಆ ಶಿಸ್ತನ್ನು ಸಣ್ಣ ಮೊತ್ತಕ್ಕೂ ತಂದುಕೊಂಡರಾಯಿತು. ಅದು ನಮ್ಮ ಸೀಮೆಗೆ ಹೊಸದೂ ಅಲ್ಲ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಬೆಟ್ಟದಲ್ಲಿ ನಡೆಯುವುದು ನಿತ್ಯ ದಾಸೋಹ. ಯಾವ ದಿನ ಹಸಿದು ಹತ್ತಿದರೂ ಎಲೆ ಹಾಕುತ್ತಾರೆಂಬ ಭರವಸೆಯೇ ಅದರ ದೊಡ್ಡತನ. ಬೇಸಿಗೆಯ ಅರವಟ್ಟಿಗೆಯೂ ಹಾಗೆಯೇ, ಉದ್ಘಾಟನೆಯ ದಿನ ತುಂಬಿದ ನೀರು ಸಂಜೆಗೆ ಮುಗಿಯುತ್ತದೆ, ಮಾರನೆಯ ಬೆಳಿಗ್ಗೆ ಗಡಿಗೆ ತುಂಬುವವರಿದ್ದರೆ ಮಾತ್ರ ಅದು ಅರವಟ್ಟಿಗೆ. ಆದ್ದರಿಂದ ಮುಂದಿನ ಜುಲೈನಲ್ಲಿ ಪದಕದ ಹಾರದ ಜೊತೆಗೆ ಒಂದು ಸಾಧಾರಣ ರಿಜಿಸ್ಟರ್ ಪುಸ್ತಕವೂ ಕೈ ಬದಲಾಯಿಸಲಿ. ಶಸ್ತ್ರಚಿಕಿತ್ಸೆಯಾಗಿ ಎರಡನೆಯ ಕಣ್ಣು ಬಾಕಿ ಇರುವವರು, ನಾಲ್ಕನೆಯ ತಿಂಗಳ ಕಿಟ್ ಕೊಡಬೇಕಾದ ಕ್ಷಯರೋಗಿ, ಕನ್ನಡಕದ ನಂಬರು ಬದಲಾಗಿರಬಹುದಾದ ನೇಕಾರರು, ಶಿಬಿರಕ್ಕೆ ಬರಲಾಗದೆ ಉಳಿದ ಪೋಡುಗಳು ಅದರಲ್ಲಿರಲಿ. ಪೋಲಿಯೊ ಓಡಿಸಿದವರು ಗೋಡೆಯ ಮೇಲೆ ಬರೆದಿದ್ದ ‘ಎಕ್ಸ್’ ಮನೆಗಳ ಪಟ್ಟಿಯೇ ಅದು. ಹೊಸ ಅಧ್ಯಕ್ಷರ ಮೊದಲ ಭೇಟಿ ಆ ಪಟ್ಟಿಯ ಮೊದಲ ಮನೆಗಾಗಲಿ.