ಅಕ್ಷಿಪಟಲದ ಸ್ವಯಂಪ್ರತಿದೀಪ್ತಿ: ಜೀವಂತ ಕಣ್ಣಿನ ಒಂದು ದಾಖಲೆ

ಇತಿಹಾಸದ ಅಭ್ಯಾಸಿಗಳಾದ ನಾವು ಶಾಸನ ಕಡತಗಳನ್ನು ಬಿಟ್ಟು ನೇತ್ರವೈದ್ಯದ ವಿಷಯವನ್ನೆತ್ತಿಕೊಂಡುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸಾಕ್ಷ್ಯವೆಂಬುದು ಹೇಗೆ ದೊರೆಯುತ್ತದೆ, ದೊರೆತುದನ್ನು ಎಷ್ಟು ಎಚ್ಚರದಿಂದ ಓದಬೇಕು ಎಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇಂಥ ನಿದರ್ಶನಗಳು ವಿರಳ.

1851ರಲ್ಲಿ ಹೆಲ್ಮ್‌ಹೋಲ್ಟ್ಸನು ತನ್ನ ನೇತ್ರದರ್ಶಕವನ್ನು ಕುರಿತು ಪ್ರಕಟಿಸಿದ ಮೇಲೆ ಜೀವಂತ ಕಣ್ಣಿನ ಒಳಭಿತ್ತಿಯನ್ನು ನೋಡುವುದು ವೈದ್ಯರಿಗೆ ಸಾಧ್ಯವಾಯಿತು. ಅವರು ಕಂಡದ್ದು ಪ್ರತಿಫಲಿತವಾದ ಬೆಳಕನ್ನು. ಮರುವರ್ಷ, 1852ರಲ್ಲಿ, ಸ್ಟೋಕ್ಸನು ಕ್ವಿನೈನ್ ದ್ರಾವಣವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ನೀಲಿಯಾಗಿ ಹೊಳೆಯುವುದನ್ನು ವಿವರಿಸಿ, ಆ ಗುಣಕ್ಕೆ ಇಂದಿಗೂ ಬಳಕೆಯಲ್ಲಿರುವ ಹೆಸರನ್ನಿತ್ತನು. ನಾವು ಪ್ರತಿದೀಪ್ತಿಯೆನ್ನುವುದು ಅದನ್ನೇ. ಈ ಎರಡು ಎಳೆಗಳು ಒಂದುಗೂಡಲು ನೂರು ವರ್ಷಗಳೇ ಬೇಕಾದುವು. 1961ರಲ್ಲಿ ನೊವೊಟ್ನಿ ಮತ್ತು ಆಲ್ವಿಸ್ ಎಂಬವರು ರಕ್ತಕ್ಕೆ ಫ್ಲೂರೆಸೀನ್ ಬಣ್ಣವನ್ನು ಸೇರಿಸಿ ಅಕ್ಷಿಪಟಲದ ನಾಳಗಳ ಚಿತ್ರವನ್ನು ತೆಗೆದ ವಿಧಾನವನ್ನು ಪ್ರಕಟಿಸಿದರು. ಅಲ್ಲಿ ಹೊಳೆದುದು ಹೊರಗಿನಿಂದ ಹಾಕಿದ ಬಣ್ಣ. ಸ್ವಯಂಪ್ರತಿದೀಪ್ತಿಯಲ್ಲಾದರೋ ಹೊಳೆಯುವ ವಸ್ತು ಕಣ್ಣಿನದೇ.

ಅದು ಯಾವುದು? ಬೆಳಕನ್ನು ಗ್ರಹಿಸುವ ಜೀವಕೋಶಗಳ ಹಿಂದೆ ಒಂದೇ ಕೋಶದಷ್ಟು ದಪ್ಪದ ವರ್ಣಕೋಶಗಳ ಪದರವುಂಟು. ಮುಂದಿನ ಕೋಶಗಳು ಪ್ರತಿನಿತ್ಯ ಕಳಚಿಹಾಕುವ ತುದಿಗಳನ್ನು ನುಂಗಿ ಅರಗಿಸುವುದು ಇದರ ಕಾರ್ಯಗಳಲ್ಲೊಂದು. ಅರಗದುಳಿದ ಶೇಷವು ವಯಸ್ಸಿನೊಡನೆ ಅಲ್ಲಿಯೇ ಸಂಚಯವಾಗುತ್ತದೆ. ಇದಕ್ಕೆ ಲಿಪೊಫ್ಯೂಸಿನ್ ಎಂದು ಹೆಸರು. ಇದರ ಮೇಲೆ 488 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕನ್ನು ಚೆಲ್ಲಿದರೆ ಇದು ಹಳದಿ ಕಿತ್ತಳೆ ಛಾಯೆಯ ಬೆಳಕನ್ನು ಹೊರಸೂಸುತ್ತದೆ. ಮೊದಲು ಈ ಶೇಷವನ್ನು ಅರಿಯಲು ಮೃತರ ಕಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಇಡಬೇಕಾಗಿತ್ತು. ಜೀವಂತ ಕಣ್ಣಿನಲ್ಲಿ ಈ ಕಾಂತಿ ಅತಿ ಕ್ಷೀಣ. ಸಾಲದುದಕ್ಕೆ ಮುಂದಿರುವ ಮಸೂರವೂ ತಾನೇ ಹೊಳೆದು ಚಿತ್ರವನ್ನು ಮಸುಕುಗೊಳಿಸುತ್ತದೆ. 1995ರಲ್ಲಿ ಡೆಲೋರಿ ಮತ್ತು ಅವರ ಸಂಗಡಿಗರು ಈ ಕಾಂತಿಯ ಬಣ್ಣಗಳನ್ನು ಅಳೆದು ಅದು ಪ್ರಧಾನವಾಗಿ ಲಿಪೊಫ್ಯೂಸಿನ್ನಿನದೆಂದು ತೋರಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಫಾನ್ ರೂಕ್‌ಮಾನ್, ಫಿಟ್ಜ್‌ಕೆ, ಬರ್ಡ್ ಎಂಬವರು ಲೇಸರ್ ಕಿರಣವನ್ನು ಬಿಂದುಬಿಂದುವಾಗಿ ಹಾಯಿಸಿ, ಬೇರೆ ಆಳದಿಂದ ಬರುವ ಬೆಳಕನ್ನು ತಡೆಯುವ ಯಂತ್ರದಿಂದ ಅದರ ಹಂಚಿಕೆಯನ್ನು ಚಿತ್ರಿಸಿದರು. ಹಲವು ಚಿತ್ರಗಳ ಸರಾಸರಿಯನ್ನು ತೆಗೆದರೆ ಮಾತ್ರ ಸ್ಪಷ್ಟತೆ ಬರುತ್ತದೆ.

ಇನ್ನು ಓದುವ ಮಾತು. ಕಪ್ಪೆಲ್ಲವೂ ರೋಗವಲ್ಲ. ರಕ್ತನಾಳಗಳು ಕಪ್ಪು, ಏಕೆಂದರೆ ರಕ್ತವು ಬೆಳಕನ್ನು ಹೀರುತ್ತದೆ; ದೃಷ್ಟಿನರವು ಹೊರಡುವ ಸ್ಥಳ ಕಪ್ಪು, ಅಲ್ಲಿ ವರ್ಣಕೋಶಗಳೇ ಇಲ್ಲ; ನಡುವಿನ ತೀಕ್ಷ್ಣದೃಷ್ಟಿಯ ಕುಳಿಯೂ ಕಪ್ಪೇ, ಅಲ್ಲಿಯ ಹಳದಿ ವರ್ಣದ್ರವ್ಯವು ನೀಲಿ ಬೆಳಕನ್ನು ತಡೆಯುತ್ತದೆ. ಇವನ್ನು ಕಳೆದು ಉಳಿದ ಕಪ್ಪೇ ಚಿಂತೆಯ ವಿಷಯ: ಅದು ಸಾಮಾನ್ಯವಾಗಿ ವರ್ಣಕೋಶಗಳು ಅಳಿದುಹೋದ ತಾಣ. ಅಸಹಜ ಹೊಳಪಾದರೋ ಬಹುಮಟ್ಟಿಗೆ ಕೋಶವು ಇನ್ನೂ ಜೀವಂತವಾಗಿದ್ದು ಸಂಕಟದಲ್ಲಿದೆಯೆಂಬುದರ ಸೂಚನೆ. 1909ರಲ್ಲಿ ಸ್ಟಾರ್‌ಗಾರ್ಟನು ವರ್ಣಿಸಿದ, ಎಳೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಸಿಯುವ ಆನುವಂಶಿಕ ರೋಗದಲ್ಲಿ ಈ ಎರಡನ್ನೂ ಒಂದೇ ಚಿತ್ರದಲ್ಲಿ ಕಾಣಬಹುದು. ಅದಕ್ಕೆ ಕಾರಣವಾದ ಜೀನನ್ನು 1997ರಲ್ಲಿ ಗುರುತಿಸಲಾಯಿತು. ಅದರ ದೋಷದಿಂದ ಎ ಜೀವಸತ್ವದ ಉಪೋತ್ಪನ್ನಗಳು ಬೇಗನೆ ಶೇಖರವಾಗುತ್ತವೆ.

ವೃದ್ಧಾಪ್ಯದ ಅಕ್ಷಿಪಟಲ ಕ್ಷಯದಲ್ಲಿ ಕಪ್ಪು ತಾಣದ ಅಂಚಿನ ಹೊಳಪು ಹರಡಿಕೊಂಡಿರುವ ಬಗೆಗೂ ಕ್ಷಯದ ವೇಗಕ್ಕೂ ಸಂಬಂಧವುಂಟೆಂದು ತಿಳಿದುಬಂದಿದೆ. ಆದರೆ ಹೊಳೆದ ಕೋಶವೆಲ್ಲವೂ ನಾಳೆ ಸಾಯುವುದೆಂದು ತೀರ್ಪು ಕೊಡುವುದು, ನಮ್ಮ ದೃಷ್ಟಿಯಲ್ಲಿ, ಸಾಕ್ಷಿಯು ನುಡಿಯದುದನ್ನು ಅದರ ಬಾಯಲ್ಲಿ ಇಟ್ಟಂತೆ. 2023ರಲ್ಲಿ ಅಮೆರಿಕ ಈ ಕ್ಷಯಕ್ಕೆ ಎರಡು ಔಷಧಗಳನ್ನು ಅನುಮೋದಿಸಿತು. ಪರೀಕ್ಷೆಗಳಲ್ಲಿ ಮುಖ್ಯವಾಗಿ ಅಳೆದುದು ಇದೇ ಚಿತ್ರದ ಕಪ್ಪು ತಾಣದ ವಿಸ್ತಾರ. ಅದರ ಬೆಳವಣಿಗೆ ನಿಧಾನವಾಯಿತು. ಕಳೆದುಹೋದ ದೃಷ್ಟಿ ಮರಳಿತೆಂದು ಆ ಪರೀಕ್ಷೆಗಳು ತೋರಿಸಲಿಲ್ಲ.