ಆಟದ ಬಯಲಿನ ಹುಲ್ಲೂ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ

ಶಿವಮೊಗ್ಗಕ್ಕೂ ಭದ್ರಾವತಿಗೂ ಸಮೀಪದಲ್ಲಿರುವ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು ೨೦೨೩ನೆಯ ಇಸವಿ ಫೆಬ್ರವರಿ ೨೭ನೆಯ ತಾರೀಖು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ ೩೧ರಿಂದ ಪ್ರಯಾಣಿಕರ ವಿಮಾನಗಳ ಸಂಚಾರವು ಪ್ರಾರಂಭವಾಯಿತೆಂಬುದನ್ನು ವಾಚಕರು ಬಲ್ಲರು. ಅಲ್ಲಿನ ಓಡುದಾರಿಯ ಉದ್ದವು ೩,೨೦೦ ಮೀಟರು. ಇಂಥ ಓಡುದಾರಿಯ ಎರಡು ಮಗ್ಗುಲಿಗೂ ಇರುವ ಬಯಲಿನ ಹುಲ್ಲು ದನಗಳ ಮೇವಿಗೆ ಬೆಳೆಸಿದ್ದಲ್ಲ. ಆದರೂ ಅದನ್ನು ಬೆಳೆಯಂತೆಯೇ ನೋಡಿಕೊಳ್ಳಬೇಕಾಗುತ್ತದೆ. ಇದಕ್ಕೆ ಕಾರಣವೇನು, ಇದರಿಂದ ನಮ್ಮ ಗ್ರಾಮಗಳ ಆಟದ ಬಯಲುಗಳಿಗೆ ದೊರೆಯುವ ಪಾಠವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಕ್ಕಿಯು ವಿಮಾನಕ್ಕೆ ಬಡಿದರೆ ಹಕ್ಕಿಗೂ ಸಾವು, ವಿಮಾನಕ್ಕೂ ಅಪಾಯ. ೨೦೦೯ನೆಯ ಇಸವಿ ಜನವರಿ ೧೫ರಂದು ಅಮೆರಿಕೆಯ ನ್ಯೂಯಾರ್ಕಿನಲ್ಲಿ ಮೇಲೆದ್ದ ವಿಮಾನವೊಂದಕ್ಕೆ ಕಾಡುಬಾತುಗಳ ಹಿಂಡು ಬಡಿದು ಎರಡು ಯಂತ್ರಗಳೂ ನಿಷ್ಪ್ರಯೋಜಕವಾದುದರಿಂದ, ಚಾಲಕನು ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಬೇಕಾಯಿತು. ಒಳಗಿದ್ದ ೧೫೫ ಮಂದಿಯೂ ಬದುಕಿದುದು ಭಾಗ್ಯವೇ ಸರಿ. ನಮ್ಮ ದೇಶದ ನಿಲ್ದಾಣಗಳಲ್ಲಿ ಹೀಗೆ ಬಡಿಯುವ ಹಕ್ಕಿಗಳಲ್ಲಿ ಕರಿ ಹದ್ದೂ ಟಿಟ್ಟಿಭವೂ ಮುಖ್ಯವಾದುವು. ಹದ್ದನ್ನು ಕಸಾಯಿಖಾನೆಯ ಕಸವೂ ಸತ್ತ ಪ್ರಾಣಿಗಳೂ ಕರೆತರುತ್ತವೆ. ಟಿಟ್ಟಿಭವನ್ನು ಕರೆತರುವುದು ಹುಲ್ಲಿನ ಬಯಲೇ.

ಟಿಟ್ಟಿಭಕ್ಕೆ ಬೇಕಾದುದು ಗಿಡ್ಡ ಹುಲ್ಲು. ಹುಲ್ಲು ಗಿಡ್ಡವಾಗಿದ್ದರೆ ಇರುವೆ, ಜೀರುಂಡೆ ಮೊದಲಾದ ಹುಳುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ನಾಯಿ ನರಿಗಳು ಬಂದರೆ ದೂರದಿಂದಲೇ ಗೊತ್ತಾಗುತ್ತದೆ. ಹುಲ್ಲು ಗೇಣುದ್ದ ಬೆಳೆದಲ್ಲಿ ಈ ಎರಡು ಅನುಕೂಲಗಳೂ ತಪ್ಪುತ್ತವೆ. ಆದುದರಿಂದಲೇ ಇಂಗ್ಲೆಂಡಿನ ವಿಮಾನ ಬಯಲುಗಳಲ್ಲಿ ಹುಲ್ಲನ್ನು ೧೫ ರಿಂದ ೨೦ ಸೆಂಟಿಮೀಟರು ಎತ್ತರಕ್ಕೆ ಬಿಟ್ಟು ಹಕ್ಕಿಗಳನ್ನು ದೂರವಿಡುವ ಪದ್ಧತಿಯು ಬಂದಿತು. ಹವೆಯೂ ಹಕ್ಕಿಗಳೂ ಬೇರೆಯಾದ ನಮ್ಮಲ್ಲಿ ಎತ್ತರವೆಷ್ಟಿರಬೇಕೆಂಬುದನ್ನು ನಿಲ್ದಾಣದವರೇ ಗೊತ್ತುಮಾಡತಕ್ಕದ್ದು. ಆದರೆ ತತ್ತ್ವವು ಎಲ್ಲ ಕಡೆಯಲ್ಲಿಯೂ ಒಂದೇ: ಹುಲ್ಲನ್ನು ಕೊಯ್ಯುವ ಎತ್ತರವನ್ನೂ ಕಾಲವನ್ನೂ ಅನುಸರಿಸಿ ಅಲ್ಲಿ ಯಾವ ಜೀವಿಯು ನೆಲೆಸಬೇಕೆಂಬುದು ನಿರ್ಧಾರವಾಗುತ್ತದೆ.

ವಿಮಾನದ ಬಯಲಿನಿಂದ ಹಕ್ಕಿಯನ್ನು ದೂರವಿಡುವುದು ನ್ಯಾಯವೇ. ಆದರೆ ಅಲ್ಲಿಂದ ಎದ್ದ ಹಕ್ಕಿಯು ಎಲ್ಲಿ ಇಳಿಯಬೇಕು? ಗೋಮಾಳಗಳು ಕಿರಿದಾಗುತ್ತಿವೆ, ಖುಷ್ಕಿ ಹೊಲಗಳು ಅಡಿಕೆ ತೋಟಗಳಾಗುತ್ತಿವೆ. ತೆರೆದ ಹುಲ್ಲುನೆಲವಾಗಿ ಅನೇಕ ಗ್ರಾಮಗಳಲ್ಲಿ ಉಳಿದಿರುವುದು ಶಾಲೆಯ ಆಟದ ಬಯಲೊಂದೇ. ಆದಕಾರಣ ಈ ಬಯಲುಗಳನ್ನು ನೋಡಿಕೊಳ್ಳುವ ಗ್ರಾಮ ಪ್ರಮುಖರ ಮೇಲೆ ಹಿಂದೆ ಇಲ್ಲದಿದ್ದ ಹೊಣೆಯೊಂದು ಬಂದಿರುತ್ತದೆ.

ಟಿಟ್ಟಿಭವು ಗೂಡು ಕಟ್ಟುವ ಹಕ್ಕಿಯಲ್ಲ. ಮಾರ್ಚಿಯಿಂದ ಆಗಸ್ಟಿನವರೆಗೆ ಬರಿಯ ನೆಲದಲ್ಲಿ ಸಣ್ಣ ಕುಳಿಯನ್ನು ಮಾಡಿ, ಸುತ್ತಲೂ ಬೆಣಚುಕಲ್ಲು, ಆಡಿನ ಹಿಕ್ಕೆಗಳನ್ನಿರಿಸಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳ ಬಣ್ಣವು ಮಣ್ಣಿನ ಬಣ್ಣಕ್ಕೆ ಹೊಂದಿಕೊಂಡಿರುವುದರಿಂದ ಪಕ್ಕದಲ್ಲಿ ನಿಂತವನಿಗೂ ಅವು ಕಾಣಿಸವು. ಗಂಡು ಹೆಣ್ಣುಗಳೆರಡೂ ಸರದಿಯಿಂದ ಕಾವು ಕೊಡುತ್ತವೆ. ಸುಮಾರು ನಾಲ್ಕು ವಾರಗಳಲ್ಲಿ ಮರಿಗಳು ಹೊರಬಂದು, ಸ್ವಲ್ಪ ಕಾಲದಲ್ಲಿಯೇ ನಡೆದಾಡುತ್ತವೆ. ಅಪಾಯದ ಕೂಗು ಕೇಳಿದೊಡನೆ ಮರಿಯು ನೆಲಕ್ಕೆ ಅಂಟಿಕೊಂಡು ಅಲುಗದೆ ಮಲಗುತ್ತದೆ. ಈ ಉಪಾಯವು ಹದ್ದಿನ ಮುಂದೆ ಫಲಿಸುತ್ತದೆಯೇ ಹೊರತು ಟ್ರಾಕ್ಟರಿನ ಗಾಲಿಯ ಮುಂದೆ ಫಲಿಸದು. ನೆಲಗುಬ್ಬಿಗಳೂ ಹೀಗೆಯೇ ನೆಲದ ಮೇಲೆ ಮೊಟ್ಟೆಯಿಡುವಂಥವು. ಬೇಸಗೆಯ ರಜದ ಪಂದ್ಯಗಳಿಗಾಗಿ ಬಯಲನ್ನು ಸುಟ್ಟು ಮಟ್ಟಮಾಡುವುದು ಸಹ ಸರಿಯಾಗಿ ಇದೇ ತಿಂಗಳುಗಳಲ್ಲಿ ಎಂಬುದನ್ನು ಗಮನಿಸಬೇಕು.

ಹಕ್ಕಿಯನ್ನು ಉಳಿಸಿದರೆ ರೈತನಿಗೆ ಏನು ಲಾಭವೆಂದು ಕೆಲವರು ಕೇಳಬಹುದು. ಮಲೆನಾಡಿನ ಅಡಿಕೆ ತೋಟಗಳಿಗೆ ಗೊಣ್ಣೆಹುಳುವಿನ ಬಾಧೆಯು ಎಷ್ಟೆಂಬುದನ್ನು ತೋಟದ ಯಜಮಾನರಿಗೆ ಹೇಳಬೇಕಾದುದಿಲ್ಲ. ಮುಂಗಾರಿನ ಮೊದಲ ಮಳೆಗಳು ಬಿದ್ದೊಡನೆ ಇದರ ದುಂಬಿಗಳು ಮುಸ್ಸಂಜೆಯಲ್ಲಿ ಮಣ್ಣಿನಿಂದೆದ್ದು, ಆಮೇಲೆ ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತವೆ. ಎಳೆಯ ಹುಳುಗಳು ಮೊದಲು ಕೊಳೆತ ಪದಾರ್ಥವನ್ನೂ ಹುಲ್ಲಿನ ಬೇರನ್ನೂ ತಿಂದು, ಬೆಳೆದ ಮೇಲೆ ಅಡಿಕೆಯ ಬೇರಿಗೆ ಹೋಗುತ್ತವೆ. ಹುಲ್ಲು ಬಯಲಿನ ಹುಳುಗಳನ್ನೂ ಜೀರುಂಡೆಗಳನ್ನೂ ಹೆಕ್ಕುವ ಟಿಟ್ಟಿಭ, ಬೆಳ್ಳಕ್ಕಿ, ಗೊರವಂಕ, ಕಾಜಾಣಗಳು ಕೂಲಿಯಿಲ್ಲದ ಆಳುಗಳು. ಇವುಗಳಿಂದಲೇ ಬಾಧೆಯು ಪೂರ್ತಿಯಾಗಿ ನಿಲ್ಲುವುದೆಂದು ಹೇಳಲಾಗದು; ಆದರೆ ಇರುವ ಸಹಾಯವನ್ನು ಕೈಯಾರೆ ಕಳೆದುಕೊಳ್ಳುವುದು ವಿವೇಕವಲ್ಲ. ಗೊಣ್ಣೆಹುಳುವಿಗೆಂದು ಹಿಂದೆ ಹಾಕುತ್ತಿದ್ದ ಫೋರೇಟ್ ಹರಳು ಅತ್ಯಂತ ವಿಷಕಾರಿಯಾದುದು. ಹುಳುವಿನೊಂದಿಗೆ ಹಕ್ಕಿಯನ್ನೂ ಕೊಲ್ಲುವಂಥಾದ್ದು. ೨೦೨೦ನೆಯ ಇಸವಿ ಡಿಸೆಂಬರ್ ೩೧ರಿಂದ ಇದನ್ನು ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಯಾರ ಮನೆಯಲ್ಲಿದ್ದರೂ ಅದನ್ನು ಮಕ್ಕಳು ಆಡುವ ನೆಲದ ಮೇಲೆ ಎಂದಿಗೂ ಎರಚಕೂಡದು.

ಬಯಲುಗಳ ಪಾಲನೆಯಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಅಪೇಕ್ಷಣೀಯ:—

(೧) ಆಟದ ಬಯಲಿಗೆ ಗರಿಕೆಯೇ ಉತ್ತಮವಾದ ಹುಲ್ಲು. ಅದು ತುಳಿತವನ್ನೂ ಬೇಸಗೆಯನ್ನೂ ತಡೆದುಕೊಂಡು, ಮಳೆ ಬಿದ್ದೊಡನೆ ಚಿಗುರುತ್ತದೆ. ಒಣಗಿದ ಗರಿಕೆಗೆ ಬೆಂಕಿಯಿಡಬಾರದು.

(೨) ಆಡುವ ಜಾಗದ ಹುಲ್ಲನ್ನು ಮಾತ್ರ ಗಿಡ್ಡವಾಗಿ ಕೊಯ್ದು, ಅಂಚಿನಲ್ಲಿ ಎರಡು ಮಾರು ಅಗಲದ ಪಟ್ಟಿಯನ್ನು ಹಾಗೆಯೇ ಬಿಡಬೇಕು. ಅದರ ಬೀಜವು ರಾಟವಾಳಗಳಿಗೆ ಆಹಾರ, ಹೂವು ಜೇನಿಗೆ ಆಹಾರ. ಬೀಜ ಉದುರಿದ ಮೇಲೆ ಒಂದು ವರ್ಷ ಪಟ್ಟಿಯ ಅರ್ಧವನ್ನೂ, ಮರುವರ್ಷ ಉಳಿದರ್ಧವನ್ನೂ ಕೊಯ್ಯಬಹುದು.

(೩) ಯಂತ್ರದಿಂದ ಕೊಯ್ಯುವಾಗ ನಡುವಿನಿಂದ ಪ್ರಾರಂಭಿಸಿ ಹೊರಕ್ಕೆ ಬರಬೇಕು. ಸುತ್ತಲಿಂದ ಒಳಕ್ಕೆ ಕೊಯ್ದರೆ ಮೊಲ, ಕಪ್ಪೆ, ಹಕ್ಕಿಮರಿಗಳು ನಡುವೆ ಸಿಕ್ಕಿ ಸಾಯುತ್ತವೆ.

(೪) ಮಟ್ಟಮಾಡುವ ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸಬೇಕು. ಆಮೇಲೆ ಮಾಡಲೇಬೇಕಾದಲ್ಲಿ ಒಬ್ಬನು ಮುಂದೆ ನಡೆದು ನೋಡಬೇಕು. ಹಕ್ಕಿಯು ಕೂಗುತ್ತ ತಲೆಯ ಮೇಲೆ ಸುತ್ತಿದರೆ ಹತ್ತಿರದಲ್ಲಿ ಮೊಟ್ಟೆಯೋ ಮರಿಯೋ ಇರುವುದೆಂದು ತಿಳಿಯತಕ್ಕದ್ದು.

(೫) ಮೊಟ್ಟೆ ಕಂಡರೆ ಎತ್ತಿ ಬೇರೆಡೆ ಇಡಬಾರದು. ನಾಲ್ಕು ಮಾರು ದೂರದಲ್ಲಿ ಸುಣ್ಣ ಬಳಿದ ಕಲ್ಲುಗಳನ್ನಿಟ್ಟು ಆಟವನ್ನು ಇನ್ನೊಂದು ಮಗ್ಗುಲಿಗೆ ಸರಿಸಿದರೆ ಸಾಕು; ಒಂದು ತಿಂಗಳಿನೊಳಗಾಗಿ ಸ್ಥಳವು ತೆರವಾಗುತ್ತದೆ. ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಸಂರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕೆಡಿಸುವುದೂ ಬೇಟೆಯೆಂದೇ ಎಣಿಸಲ್ಪಟ್ಟಿದೆ.

(೬) ಆಟವಾದ ಮೇಲೆ ಬಲೆಗಳನ್ನು ಬಿಚ್ಚಿಡಬೇಕು. ಬಿಟ್ಟ ಬಲೆಯಲ್ಲಿ ಕೇರೆಹಾವೂ ಗೂಬೆಯೂ ಸಿಕ್ಕಿಕೊಳ್ಳುತ್ತವೆ. ಇವೆರಡೂ ಇಲಿಗಳನ್ನು ಹಿಡಿದು ಭತ್ತವನ್ನು ಕಾಯುವ ಪ್ರಾಣಿಗಳು.

ಸೋಗಾನೆಯ ನೆರೆಯ ಗ್ರಾಮಗಳವರಿಗೆ ಇನ್ನೊಂದು ಮಾತು. ನಿಲ್ದಾಣದ ಬೇಲಿಯ ಮಗ್ಗುಲ ನೆಲದಲ್ಲಿ ಹಕ್ಕಿಗಳನ್ನು ಕರೆಯುವ ಪ್ರಯತ್ನವು ಬೇಡ. ಮೇಲಿನ ಕ್ರಮಗಳು ಅಲ್ಲಿಂದ ದೂರದ ಬಯಲುಗಳಿಗೆ ಸಂಬಂಧಪಟ್ಟುವು. ೧೯೩೭ನೆಯ ವಿಮಾನ ನಿಯಮಗಳ ೯೧ನೆಯ ನಿಯಮವು ನಿಲ್ದಾಣದಿಂದ ೧೦ ಕಿಲೋಮೀಟರುಗಳೊಳಗೆ ಪ್ರಾಣಿಗಳನ್ನು ಕೊಯ್ದು ಸುಲಿಯುವುದನ್ನೂ, ಹಕ್ಕಿಗಳನ್ನು ಆಕರ್ಷಿಸುವ ಕಸವನ್ನು ಸುರಿಯುವುದನ್ನೂ ನಿಷೇಧಿಸುವಂಥಾದ್ದು. ಸತ್ತ ದನವನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳುವುದರಿಂದ ಗ್ರಾಮದ ಆರೋಗ್ಯವೂ, ಆಕಾಶದಲ್ಲಿರುವವರ ಪ್ರಾಣವೂ, ಹದ್ದಿನ ಪ್ರಾಣವೂ ಉಳಿಯುತ್ತವೆ.

ಮೇಲೆ ಹೇಳಿದ ಯಾವ ಕ್ರಮಕ್ಕೂ ಹೆಚ್ಚಿನ ಖರ್ಚಿಲ್ಲ. ಕೆಲವಕ್ಕೆ ಖರ್ಚೇ ಇಲ್ಲ. ಮಕ್ಕಳ ಆಟವನ್ನು ನಿಲ್ಲಿಸಬೇಕೆಂದು ಯಾರೂ ಹೇಳುತ್ತಿಲ್ಲ. ಈ ಬೇಸಗೆಯಲ್ಲಿ ಬಯಲಿಗೆ ಟ್ರಾಕ್ಟರು ಇಳಿಸುವ ಮೊದಲು ಗ್ರಾಮದ ಹಿರಿಯರೊಬ್ಬರು ಬೆಳಗಿನ ಹೊತ್ತು ಅಲ್ಲಿ ಒಂದು ಸುತ್ತು ನಡೆದು ಬರಬೇಕೆಂಬುದಷ್ಟೇ ನಮ್ಮ ವಿಜ್ಞಾಪನೆ.