ಕಂಪವಾತಕ್ಕೆ ಔಷಧವೊಂದೇ ಸಾಲದು

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ನರು 1817ರಲ್ಲಿ ವರ್ಣಿಸಿದ, ನಮ್ಮ ವೈದ್ಯರು ಕಂಪವಾತಕ್ಕೆ ಹೋಲಿಸುವ ವ್ಯಾಧಿಯು ವಾಚಕರಿಗೆ ಅಪರಿಚಿತವಲ್ಲ. ಕೈ ನಡುಗುವದನ್ನು ಎಲ್ಲರೂ ಕಾಣುವರು. ಆದರೆ ರೋಗಿಯನ್ನು ಪರಾಧೀನನನ್ನಾಗಿ ಮಾಡುವದು ನಡಿಗೆಯ ಕೇಡು. ಹೆಜ್ಜೆ ಗಿಡ್ಡವಾಗುವದು, ಬೆನ್ನು ಬಾಗುವದು, ಬಾಗಿಲ ಬಳಿ ಪಾದಗಳು ನೆಲಕ್ಕೆ ಅಂಟಿದಂತೆ ನಿಂತುಬಿಡುವವು.

ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಕೋಶಗಳು ಕ್ಷಯಿಸುವದರಿಂದ, ತಾನಾಗಿಯೇ ನಡೆಯತಕ್ಕ ಚಲನೆಯ ಲಯವು ಕೆಡುವದು. ಲಿವೊಡೋಪಾ ಔಷಧವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವದಾದರೂ, ಸಮತೋಲವನ್ನೂ ತಡೆದು ನಿಲ್ಲುವ ಹೆಜ್ಜೆಯನ್ನೂ ಅದೊಂದೇ ಪೂರ್ಣವಾಗಿ ಸರಿಪಡಿಸಲಾರದು. ಫಿಜಿಯೋಥೆರಪಿಯ ಕಾರ್ಯವು ಇಲ್ಲಿಯೇ ಆರಂಭವಾಗುವದು. ಒಳಗಿನ ಲಯ ತಪ್ಪಿದವನಿಗೆ ಹೊರಗಿನಿಂದ ಲಯವನ್ನೊದಗಿಸುವದು ಅದರ ಒಂದು ಮುಖ್ಯ ತತ್ವ. ನೆಲದ ಮೇಲೆ ಹೆಜ್ಜೆಗೊಂದರಂತೆ ಅಡ್ಡಪಟ್ಟಿಗಳನ್ನೆಳೆದರೆ, ಇಲ್ಲವೆ ಚಪ್ಪಾಳೆಯಿಂದ ತಾಳ ಕೊಟ್ಟರೆ, ನಿಂತ ಕಾಲು ಅನೇಕ ವೇಳೆ ಮುಂದಕ್ಕೆ ಬರುವದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ಸೀಮೆಯ ಜನಕ್ಕೆ ತಾಳಕ್ಕೂ ಹೆಜ್ಜೆಗೂ ಇರುವ ಸಂಬಂಧವನ್ನು ಹೇಳಿಕೊಡಬೇಕಾಗಿಲ್ಲ.

ಮನೆಯವರು ಅರಿಯತಕ್ಕ ಸಂಗತಿಗಳೂ ಇವೆ. ಕಾಲು ಅಂಟಿ ನಿಂತಾಗ ರೋಗಿಯ ಕೈಹಿಡಿದು ಎಳೆಯಬಾರದು. ಅವನು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹೊರಳಿಸಿ, ಅನಂತರ ದೊಡ್ಡ ಹೆಜ್ಜೆಯಿಡಲಿ. ನಿಂತಲ್ಲಿಯೇ ಗಿರಕ್ಕನೆ ತಿರುಗದೆ, ಎತ್ತಿನ ಗಾಡಿಯಂತೆ ಅಗಲವಾಗಿ ಬಳಸಿ ತಿರುಗಲಿ. ಕುರ್ಚಿಯಿಂದ ಏಳುವಾಗ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆಳೆದುಕೊಂಡು, ಮುಂದೆ ಬಾಗಿ ಏಳಲಿ. ನಡೆಯುವಾಗ ಮಾತೂ ಬೇಡ, ಕೈಯಲ್ಲಿ ನೀರಿನ ತಂಬಿಗೆಯೂ ಬೇಡ. ಔಷಧದ ಗುಣವು ಚೆನ್ನಾಗಿರುವ ವೇಳೆಯಲ್ಲಿ ನಿತ್ಯವೂ ಅಭ್ಯಾಸ ನಡೆಯಬೇಕು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳವನ್ನು ಬಿಟ್ಟು ಜಗಲಿಯಲ್ಲಿ ನಡೆಯಲಿ. ಆದರೆ ಯಾರಿಗೆ ಯಾವ ವ್ಯಾಯಾಮ, ಎಷ್ಟು ಎಂಬುದನ್ನು ಬಲ್ಲವರು ಕಣ್ಣಾರೆ ಕಂಡು ನಿರ್ಣಯಿಸತಕ್ಕದ್ದು.

ಪ್ರಶ್ನೆಯಿರುವದು ಇಲ್ಲಿಯೇ. ಗುಳಿಗೆಯನ್ನು ದೂರದ ಪೇಟೆಯಿಂದ ತರಿಸಬಹುದು. ನಡಿಗೆಯ ಶಿಕ್ಷಣವನ್ನು ಹಾಗೆ ತರಿಸಲು ಬಾರದು. ಅಪ್ಸರಕೊಂಡದ ವೃದ್ಧನು ಶರಾವತಿಯ ಸೇತುವೆ ದಾಟಿ ಹೊನ್ನಾವರಕ್ಕೆ ಬರುವದೇ ಪ್ರಯಾಸ. ಮಣಿಪಾಲಕ್ಕೋ ಮಂಗಳೂರಿಗೋ ಪದೇ ಪದೇ ಹೋಗೆನ್ನುವದು ಹೋಗಬೇಡವೆಂದಂತೆಯೇ ಸರಿ. ನಮ್ಮ ಜಿಲ್ಲೆಯ ಜನರು 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ದನಿಯೆತ್ತಿದರು. ಅದು ನ್ಯಾಯವಾದ ಬೇಡಿಕೆ. ಆದರೆ ಈ ರೋಗಿಗಳಿಗೆ ದೊಡ್ಡ ಕಟ್ಟಡಕ್ಕಿಂತ ಮೊದಲು ಬೇಕಾದವನು ಮನೆಗೆ ಬಂದು ಕಲಿಸುವ ತಜ್ಞನು. 2010ರಲ್ಲಿ ಆರಂಭವಾದ ವೃದ್ಧರ ಆರೋಗ್ಯರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವು ಸಮುದಾಯ ಆರೋಗ್ಯ ಕೇಂದ್ರಗಳ ಮೂಲಕ ಅಂಗಪುನಶ್ಚೇತನವನ್ನೂ, ಹಾಸಿಗೆ ಹಿಡಿದವರ ಮನೆಭೇಟಿಯನ್ನೂ ವಿಧಿಸಿದೆ. ಹಾಸಿಗೆ ಹಿಡಿಯುವ ಮೊದಲೇ ಆ ಭೇಟಿಯು ದೊರೆಯುವದು ವಿವೇಕ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕುಗಳಲ್ಲಿ ವಾರಕ್ಕೊಂದು ದಿನವಾದರೂ ಗ್ರಾಮಸಂಚಾರ ಮಾಡುವ ಫಿಜಿಯೋಥೆರಪಿಸ್ಟರನ್ನು ಒದಗಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸುವೆವು. ತನ್ನ ಕಾಲ ಮೇಲೆ ತಾನು ನಡೆದು ಜಗಲಿಗೆ ಬರುವ ಹಕ್ಕು ಹಳ್ಳಿಯ ಮುದುಕನಿಗೂ ಉಂಟು.